ತವರಿನ ಹಿಕ್ಕೆ

ಕುರಿಯ ಹಿಕ್ಕೆಗೆ ನಾತವಿಲ್ಲ ಎಂದು ಹೇಳುವವರು ಎರಡು ಬಗೆಯವರು: ಅದರ ನಡುವೆಯೇ ಹುಟ್ಟಿ ಬೆಳೆದು ಮೂಗು ಸತ್ತವರು ಮತ್ತು ಅದನ್ನು ದೂರದಿಂದ ಮಾತ್ರ ಕಂಡವರು. ನಾನು ಎರಡೂ ಅಲ್ಲ. ಒಣಗಿದ ಹಿಕ್ಕೆ ನಿರುಪದ್ರವಿ ವಸ್ತು ಎಂಬುದನ್ನು ಒಪ್ಪುತ್ತೇನೆ. ಕಣ್ಣಿಗೆ ಅದು ಕಪ್ಪು ಕಡಲೆಯ ಹಾಗೆ ಕಾಣುತ್ತದೆ. ಆದರೆ ಕೊಯ್ಲಾದ ಭತ್ತದ ಗದ್ದೆಯಲ್ಲಿ ಒಂದು ಮಂದೆ ತಂಗಿ ಎದ್ದು ಹೋದ ಮೇಲೆ, ಮಂಜಿನಲ್ಲಿ ನೆನೆದ ಕೂಳೆಗಳ ನಡುವೆ ಹಿಕ್ಕೆಯೂ ಉಚ್ಚೆಯೂ ಉದುರಿದ ಉಣ್ಣೆಯೂ ಕಲಸಿ ಬಿದ್ದಿರುವಲ್ಲಿ ಒಮ್ಮೆ ಬರಿಗಾಲಿನಲ್ಲಿ ನಿಂತು ನೋಡಬೇಕು. ಆ ನಾತ ಮೊದಲು ಕಣ್ಣನ್ನು ಉರಿಸುತ್ತದೆ, ಆಮೇಲೆ ಗಂಟಲಿಗೆ ಇಳಿಯುತ್ತದೆ, ಮಧ್ಯಾಹ್ನದ ಊಟಕ್ಕೆ ಕುಳಿತಾಗ ಅನ್ನದಲ್ಲಿಯೂ ಇರುತ್ತದೆ. ನನಗೆ ವಾಕರಿಕೆ ಬಂದಿದೆ, ಬಂದದ್ದನ್ನು ಮುಚ್ಚಿಡುವುದಿಲ್ಲ. ಆದರೂ ಆ ಊರಿನಲ್ಲಿ ನನಗೆ ಹೇಸಿಗೆ ತಂದ ಸಂಗತಿಗಳ ಸಾಲಿನಲ್ಲಿ ಈ ನಾತಕ್ಕೆ ಕೊಡಬೇಕಾದ ಸ್ಥಾನ ಕೊನೆಯದು.

ಆ ಊರು ಹರಿಹರ ದಾಟಿದ ಮೇಲೆ, ಗುತ್ತೂರಿನ ಕಾರ್ಖಾನೆಗಳ ಹೊಗೆ ಮರೆಯಾಗುವ ಕಡೆ, ತುಂಗಭದ್ರೆಯ ದಂಡೆಯಲ್ಲಿದೆ. ಅಲ್ಲಿಗೆ ನನ್ನ ಚಿಕ್ಕಮ್ಮನನ್ನು, ಅಂದರೆ ತಾಯಿಯ ತಂಗಿಯನ್ನು, ಮದುವೆ ಮಾಡಿ ಕೊಟ್ಟಿದ್ದರು. ನಾನಿರುವುದು ದಾವಣಗೆರೆಯ ವಿನೋಬನಗರದಲ್ಲಿ. ಗಂಡ ಔಷಧಿ ಅಂಗಡಿ ನಡೆಸುತ್ತಾರೆ, ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಓದುವ ಕಾಲದಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಹೆಸರು ಮಾಡಿದವಳು. ಪಕ್ಷವನ್ನು ಮಂಡಿಸುವುದು, ಪ್ರತಿಪಕ್ಷದ ಮಾತಿನೊಳಗಿನ ಬಿರುಕನ್ನು ಹುಡುಕುವುದು, ಕೊನೆಯ ನಿಮಿಷಕ್ಕೆ ಒಂದು ಗಟ್ಟಿ ಮಾತನ್ನು ಉಳಿಸಿಕೊಳ್ಳುವುದು, ಇವು ಈಗಲೂ ಬಿಟ್ಟುಹೋಗದ ಅಭ್ಯಾಸಗಳು. ಸಮಾಜವನ್ನು ಮಾತಿನಿಂದ ತಿದ್ದಬಹುದು ಎಂಬ ನಂಬಿಕೆ ನನ್ನದು. ಇಂದಿಗೂ ಅದೇ ನಂಬಿಕೆ.

ಚಿಕ್ಕಮ್ಮ ಹುಟ್ಟಿದ್ದು ಜಗಳೂರು ಸೀಮೆಯ ಕೆಂಪುಮಣ್ಣಿನ ಊರಿನಲ್ಲಿ. ಅಲ್ಲಿ ಕುರಿ ಮನೆಯ ಬಾಗಿಲಲ್ಲೇ ಇರುತ್ತದೆ. ಮುಳ್ಳುಬೇಲಿ ಕಟ್ಟಿದ ಕುರಿದೊಡ್ಡಿಗೆ ಅವರು ರೊಪ್ಪ ಎನ್ನುತ್ತಾರೆ. ಅಲ್ಲಿನ ಕ್ರಮವೆಂದರೆ ರೊಪ್ಪವನ್ನು ಗುಡಿಸುವುದು, ಗುಡಿಸಿದ್ದನ್ನು ಗುಂಡಿಗೆ ಹಾಕಿ ನೀರು ಚಿಮುಕಿಸಿ ಮಣ್ಣು ಮುಚ್ಚುವುದು, ಅದು ಒಳಗೊಳಗೇ ಕಾದು ಮಾಗಿದ ಮೇಲೆ ಮುಂಗಾರಿಗೆ ಮೊದಲು ಹೊಲಕ್ಕೆ ಚೆಲ್ಲುವುದು. ಮಳೆಯನ್ನು ನಂಬಿದ ನೆಲಕ್ಕೆ ಹಸಿ ಹಿಕ್ಕೆ ಬಿದ್ದರೆ ಬೆಳೆ ಸುಡುತ್ತದೆ ಎಂಬುದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಅದನ್ನೆಲ್ಲ ಮಾಡುವವರು ಹೆಂಗಸರೇ. ಗಂಡಸರು ಕುರಿಯನ್ನು ಲೆಕ್ಕ ಹಾಕುತ್ತಾರೆ, ಹಿಕ್ಕೆಯನ್ನು ಮುಟ್ಟುವುದಿಲ್ಲ.

ನದಿಯ ದಂಡೆಯಲ್ಲಿ ಹಾಗಲ್ಲ. ಅಲ್ಲಿ ನಾಲೆಯ ನೀರಿದೆ, ಭತ್ತವಿದೆ, ಮನೆಗಳಲ್ಲಿ ಕುರಿಯಿಲ್ಲ. ಮಳೆಗಾಲದ ಭತ್ತ ಕೊಯ್ದಾದ ಮೇಲೆ ಬಡಗಣ ಸೀಮೆಯ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಬರುತ್ತಾರೆ. ಅವರನ್ನು ಕರೆದು ಗದ್ದೆಯಲ್ಲಿ ಕುರಿ ತಂಗಿಸುವುದು ಅಲ್ಲಿನ ಪದ್ಧತಿ. ಹಿಕ್ಕೆಗಿಂತ ಉಚ್ಚೆಯೇ ಮುಖ್ಯ, ಉಚ್ಚೆ ಬೀಳದ ನೆಲಕ್ಕೆ ಹಿಕ್ಕೆ ಹಾಕಿದರೆ ಅದು ಸತ್ತ ಗೊಬ್ಬರ ಎನ್ನುವುದು ಅವರ ಸಿದ್ಧಾಂತ. ಇನ್ನು ಚನ್ನಗಿರಿಯ ಕಡೆಯ ಅಡಿಕೆ ತೋಟದವರದು ಮೂರನೆಯ ಮತ: ಅವರಿಗೆ ಕುರಿಯೂ ಬೇಡ, ರೊಪ್ಪವೂ ಬೇಡ, ಚೀಲದಲ್ಲಿ ತುಂಬಿ ಲಾರಿಯಲ್ಲಿ ತಂದು ಇಳಿಸಿದರೆ ಸಾಕು. ಒಂದೇ ಪ್ರಾಣಿಯ ಒಂದೇ ವಿಸರ್ಜನೆಯ ಬಗ್ಗೆ ಒಂದೇ ಜಿಲ್ಲೆಯಲ್ಲಿ ಮೂರು ಮತಗಳು, ಮತ್ತು ಪ್ರತಿಯೊಬ್ಬರೂ ಉಳಿದ ಇಬ್ಬರನ್ನು ದಡ್ಡರೆಂದು ತಿಳಿದವರು. ಇಷ್ಟರ ಮಟ್ಟಿಗೆ ಇದು ತಮಾಷೆಯ ವಿಷಯ.

ತಮಾಷೆ ನಿಲ್ಲುವುದು ಇಲ್ಲಿ: ದಂಡೆಯ ಆ ಊರಿನಲ್ಲಿ ಮಂದೆಯನ್ನು ಗದ್ದೆಗೆ ಸುಮ್ಮನೆ ಇಳಿಸುವಂತಿಲ್ಲ. ಸಂಜೆ ಮಂದೆ ಬದುವಿನ ಹತ್ತಿರ ಬಂದು ನಿಂತಾಗ ಆ ಮನೆಯ ಮುತ್ತೈದೆ ಮುಂದಿನ ಟಗರಿನ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮವಿಟ್ಟು, ಆರತಿ ಬೆಳಗಿ ಬರಮಾಡಿಕೊಳ್ಳಬೇಕು. ಮುತ್ತೈದೆಯಿಲ್ಲದ ಮನೆಯ ಗದ್ದೆಯನ್ನು ಮಂದೆ ದಾಟಿ ಹೋಗುತ್ತದೆ. ಗಂಡ ಸತ್ತವಳು ಬರಮಾಡಿಕೊಂಡರೆ ಮಂದೆಗೆ ರೋಗ ಬರುತ್ತದೆಯಂತೆ.

ಚಿಕ್ಕಮ್ಮ ವರ್ಷ ವರ್ಷವೂ ಆ ಆರತಿಯನ್ನು ಬೆಳಗಿದವಳೇ. ಅವಳ ಕೈಯಿಂದ ಕುಂಕುಮ ಇಟ್ಟುಕೊಂಡ ಟಗರುಗಳು ಎಷ್ಟೋ. ಚಿಕ್ಕಪ್ಪ ತೀರಿಕೊಂಡ ವರ್ಷ ಕೊಯ್ಲಾಯಿತು, ಮಂದೆ ಬಂತು, ಎಡಗಡೆಯ ಗದ್ದೆಯಲ್ಲಿ ತಂಗಿತು, ಬಲಗಡೆಯ ಗದ್ದೆಯಲ್ಲಿ ತಂಗಿತು. ನಡುವಿನ ಅವಳ ಗದ್ದೆ ಬರಿದಾಗಿ ಉಳಿಯಿತು. ಅದನ್ನು ಅವಳು ನನಗೆ ಫೋನಿನಲ್ಲಿ ಹೇಳಿದಾಗ ದನಿಯಲ್ಲಿ ದುಃಖವಿರಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದಳು. ಆ ಬೇಸಿಗೆಯ ಬೆಳೆ ಅವಳ ಗದ್ದೆಯಲ್ಲಿ ಹಳದಿಯಾಗಿ ಎದ್ದಿತು. ಗಂಡುಮಕ್ಕಳಿಲ್ಲ, ಇದ್ದೊಬ್ಬ ಮಗಳನ್ನು ದೂರದ ಬಳ್ಳಾರಿಗೆ ಕೊಟ್ಟಾಗಿದೆ. ಗದ್ದೆಯನ್ನು ನಿನ್ನಿಂದ ಸಾಗಿಸಲಾಗದು, ಗೌಡರಿಗೆ ಗುತ್ತಿಗೆಗೆ ಬಿಡು ಎಂದು ಊರವರು ಅವಳಿಗೆ ಹೇಳತೊಡಗಿದ್ದೂ ಆಗಲೇ. ಗೌಡರೆಂದರೆ ಬಲಗಡೆಯ ಗದ್ದೆಯವರು. ಮಂದೆಯವರೊಡನೆ ಮಾತಾಡಿ ಯಾರ ಗದ್ದೆಯಲ್ಲಿ ಯಾವಾಗ ತಂಗಬೇಕೆಂದು ಗೊತ್ತುಮಾಡುವ ಹಿರಿಯರು. ಅವಳಿಗೆ ಗದ್ದೆ ಬಿಡುವ ಮನಸ್ಸಿರಲಿಲ್ಲ. ಗೊಬ್ಬರ ಬೀಳದಿದ್ದರೆ ಬಿಡದೆ ಗತಿಯಿರಲಿಲ್ಲ.

ಮರುವರ್ಷ ಅವಳು ಅಡಿಕೆ ಸೀಮೆಯವರ ಮತಕ್ಕೆ ಸೇರಿದಳು. ಕುರಿ ಗೊಬ್ಬರವೆಂದು ಹೇಳಿ ದಲ್ಲಾಳಿಯೊಬ್ಬ ಚೀಲಗಳನ್ನು ತಂದು ಗದ್ದೆಯ ತಲೆಗೆ ಇಳಿಸಿದ. ಬಿಚ್ಚುವ ದಿನ ನಾನೂ ಅಲ್ಲಿದ್ದೆ. ಮೇಲಿನ ಪದರ ಹಿಕ್ಕೆಯದೇ. ಅದರ ಕೆಳಗೆ ಮಂಡಕ್ಕಿ ಭಟ್ಟಿಯ ಬೂದಿ, ಕ್ಷೌರದಂಗಡಿಯಿಂದ ಗುಡಿಸಿದ ಕೂದಲು, ಕೋಳಿಯ ಪುಕ್ಕ, ರಬ್ಬರಿನ ಚಪ್ಪಲಿಯ ಪಟ್ಟಿ, ಖಾಲಿ ಮಾತ್ರೆಯ ಹಾಳೆಗಳು. ಒಂದು ಚೀಲದಲ್ಲಿ ಮಗುವಿನ ಮಲ ಮೆತ್ತಿದ ಡಯಾಪರು, ಮಡಚಿದ್ದು ಮಡಚಿದ ಹಾಗೆಯೇ ಇತ್ತು. ದಾವಣಗೆರೆಯ ಹೊಟ್ಟೆಯೊಳಗಿನದೆಲ್ಲ ಹರಿಹರದ ಗದ್ದೆಯ ಬದುವಿನ ಮೇಲೆ ಬಂದು ಬಿದ್ದಿತ್ತು. ಆ ಮಾತ್ರೆಯ ಹಾಳೆಗಳಲ್ಲಿ ನಮ್ಮ ಅಂಗಡಿಯಿಂದಲೇ ಹೋದವು ಇರಬಹುದೆಂದು ಹೊಳೆದಾಗ ನಾನು ಬದುವಿನಾಚೆ ಹೋಗಿ ವಾಂತಿ ಮಾಡಿಕೊಂಡೆ. ಚಿಕ್ಕಮ್ಮ ಒಂದು ಕಡ್ಡಿಯಿಂದ ಕೂದಲಿನ ಉಂಡೆಯನ್ನು ಎತ್ತಿ ನೋಡಿ, ಇದನ್ನ ಹಾಕಿದ್ರೆ ಭತ್ತ ಬರಲ್ಲ, ಗಡ್ಡ ಬರ್ತತಿ ಎಂದಳು. ಅಷ್ಟನ್ನೂ ಗುಂಡಿ ತೋಡಿಸಿ ಹೂಳಿಸಿದೆವು.

ಮೂರನೆಯ ವರ್ಷ, ಭತ್ತ ಕೊಯ್ದು ಒಕ್ಕಣೆ ಮುಗಿಯುವ ಹೊತ್ತಿಗೆ ನಾನು ಕಾಲೇಜಿಗೆ ರಜೆ ಹಾಕಿ ಹೊರಟೆ. ಊರ ಹಿರಿಯರೊಡನೆ ನೇರವಾಗಿ ವಾದಿಸುವುದು ನನ್ನ ನಿಶ್ಚಯವಾಗಿತ್ತು. ಬಾಗಿಲಲ್ಲಿ ಕಾಲಿಡುತ್ತಿದ್ದಂತೆಯೇ ಚಿಕ್ಕಮ್ಮ ಪಕ್ಕದ ಮನೆಯ ಸೊಸೆಯನ್ನು ಕರೆದು ನನ್ನ ಹಣೆಗೆ ಕುಂಕುಮ ಹಚ್ಚಿಸಿದಳು. ಮದುವೆಯಾದ ಹೆಣ್ಣುಮಗಳು ಮನೆಗೆ ಬಂದರೆ ಹಾಗೆ ಮಾಡುವುದುಂಟು. ಮೊದಲು ತಾನೇ ಹಚ್ಚುತ್ತಿದ್ದಳು, ಈಗ ಇನ್ನೊಬ್ಬರಿಂದ ಹಚ್ಚಿಸುತ್ತಾಳೆ. ನಾನು ಸಾಮಾನ್ಯವಾಗಿ ಸಣ್ಣದೊಂದು ಅಂಟುಬೊಟ್ಟಿನವಳು. ಅಂದು ಕಟ್ಟೆಗೆ ಹೋದದ್ದು ಹಣೆಯ ತುಂಬ ಕುಂಕುಮ ಹೊತ್ತು.

ಗುಡಿಯ ಕಟ್ಟೆಯ ಮೇಲೆ ಗೌಡರು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಸುತ್ತ ನಾಲ್ಕಾರು ಮಂದಿ. ಕೂಡ್ರಿ ಅಕ್ಕೋರೆ ಎಂದರು, ಮರ್ಯಾದೆಯಿಂದಲೇ. ನಾನು ನಿಂತೇ ಮಾತಾಡಿದೆ. ಹೇಳಬೇಕಾದದ್ದನ್ನು ಹರಿಹರದ ಬಸ್ಸಿನಲ್ಲಿ ಬರುವಾಗಲೇ ಜೋಡಿಸಿಕೊಂಡಿದ್ದೆ. ಚಿಕ್ಕಮ್ಮನ ತವರಿನಲ್ಲಿ ಕುರಿಯ ಹಿಕ್ಕೆಯನ್ನು ಎತ್ತುವವರಲ್ಲಿ ಅರ್ಧದಷ್ಟು ಮಂದಿ ಗಂಡ ಸತ್ತವರೇ, ಅಲ್ಲಿಯ ಕುರಿಗಳೇನೂ ಸತ್ತುಹೋಗಿಲ್ಲ ಎಂದೆ. ಕುರಿ ನಿಮ್ಮ ಗದ್ದೆಯಲ್ಲಿ ಹಾಕುವ ಹಿಕ್ಕೆಯನ್ನೇ ಅವಳ ಗದ್ದೆಯಲ್ಲಿಯೂ ಹಾಕುತ್ತದೆ, ಬದು ದಾಟಿದೊಡನೆ ಅದರ ಹೊಟ್ಟೆ ಬದಲಾಗುವುದಿಲ್ಲ ಎಂದೆ. ಹಿಕ್ಕೆಯನ್ನು ಮಡಿಯೆಂದು ಬರಮಾಡಿಕೊಂಡು ಹೆಣ್ಣನ್ನು ಮೈಲಿಗೆಯೆಂದು ದೂಡುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ ಎಂದೆ. ಕೊನೆಯ ಮಾತನ್ನು ಉಳಿಸಿಕೊಂಡಿದ್ದೆ.

“ನಿಮ್ಮ ಕೊರಳಲ್ಲಿರೋ ಲಿಂಗ ಅವಳ ಕೊರಳಲ್ಲೂ ಇದೆ ಗೌಡ್ರೆ. ಗಂಡ ಸತ್ತ ದಿನ ತಾಳಿ ತೆಗೆಸಿದ್ರಿ, ಲಿಂಗ ತೆಗೆಸಲಿಲ್ಲ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಅಂತ ನಿಮ್ಮ ಮನೆಯಲ್ಲೇ ಹೇಳ್ಕೊಡ್ತಾರಲ್ಲ. ಹಾಗಾದ್ರೆ ಅವಳಿಗೆ ಎಲ್ಲಿಂದ ಬಂತು?”

ಕಟ್ಟೆಯ ಮೇಲಿದ್ದವರು ನೆಲ ನೋಡಿದರು. ಒಬ್ಬ ಮುದುಕ ಹೌದೆಂಬಂತೆ ತಲೆಯಾಡಿಸಿದ. ಗೆದ್ದೆ ಎಂದು ನನಗನ್ನಿಸಿತು. ಸಭೆಯ ಮೌನವನ್ನು ಅಳೆಯುವುದು ನನಗೆ ಹೊಸದಲ್ಲ. ಗೌಡರು ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

“ಮಾತು ಬಾಳ ಚಂದ ಆಡ್ತೀರಿ. ಸುಳ್ಳು ಅನ್ನಂಗಿಲ್ಲ,” ಎಂದರು. “ನಮಗೇನು ನಿಮ್ಮ ಚಿಗವ್ವನ ಮ್ಯಾಲೆ ಹಗೆ ಐತಾ? ನಾಳೆ ಒಂದು ಮರಿ ಸತ್ರೆ ಊರು ಆಕಿ ಕಡೆ ಬೆರಳು ತೋರಸ್ತತಿ, ಅದು ಬ್ಯಾಡ ಅಂದಿದ್ದು. ಇರ್ಲಿ. ಈಗ ನೀವೇ ಬಂದೀರಿ. ಹಣೆ ಮ್ಯಾಲೆ ಕುಂಕುಮ ಐತೆ. ಮನಿ ಮಗಳಿದ್ದಂಗೆ. ನೀವೇ ಬೆಳಗಿಬಿಡ್ರಿ. ನಾಳೆ ಸಂಜಿಗೆ ಮಂದೆ ನಿಮ್ಮ ಗದ್ದಿಗೆ.”

ಪ್ರತಿಪಕ್ಷ ಸೋಲನ್ನು ಒಪ್ಪಿಕೊಂಡು, ಆ ಒಪ್ಪಿಗೆಯೊಳಗೇ ನನ್ನನ್ನು ಕಟ್ಟಿಹಾಕುವುದನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ಅದಲ್ಲ ನನ್ನ ಮಾತು ಎಂದು ಶುರುಮಾಡುವಷ್ಟರಲ್ಲಿ ಕಟ್ಟೆಯ ಮೇಲಿದ್ದವರು ತೀರ್ಮಾನವಾಯಿತೆಂದು ಪಂಚೆ ಕೊಡವಿಕೊಂಡು ಎದ್ದರು. ಹೌದೆಂದು ತಲೆಯಾಡಿಸಿದ ಮುದುಕನೇ ಮೊದಲು ಎದ್ದವನು.

ಮನೆಗೆ ಬಂದು ಚಿಕ್ಕಮ್ಮನಿಗೆ ಸ್ಪಷ್ಟವಾಗಿ ಹೇಳಿದೆ: ನಾನು ಆರತಿ ತಟ್ಟೆ ಹಿಡಿಯುವುದಿಲ್ಲ. ಹಿಡಿದರೆ ಅವರ ನಿಯಮಕ್ಕೆ ನಾನೇ ಮುದ್ರೆ ಒತ್ತಿದಂತೆ. ಬೆಳಗುವುದಾದರೆ ನೀನೇ ಬೆಳಗು, ನಾನು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

“ನಾ ತಟ್ಟೆ ಹಿಡಿದ್ರೆ ಗೌಡ ಮಂದೆ ನಿಲ್ಸಾಕ ಬಿಡಲ್ಲ. ಚಾನೆಲ್ ನೀರು ಇನ್ನೇನು ಬಿಡ್ತಾರ. ನೀರು ನಿಂತ ಗದ್ದಿಗೆ ಕುರಿ ಇಳಿತಾವೇನು?” ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದಳು. “ನೀ ಹೇಳಿದ್ದು ಖರೆ ಐತವ್ವ. ಆದ್ರ ಮಾತನ್ನ ಮಣ್ಣಿಗೆ ಹಾಕಾಕ ಬರಲ್ಲ.”

ಮರುದಿನ ಸಂಜೆ ನಾನು ತಟ್ಟೆ ಹಿಡಿದೆ.

ಆ ಸಂಜೆಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಧೂಳು ಮೊದಲು ಬಂತು, ಆಮೇಲೆ ಮಂದೆ. ಬದುವಿನ ಈಚೆ ಗೌಡರೂ ಊರಿನ ಇನ್ನು ಕೆಲವರೂ ಸಾಕ್ಷಿಗೆ ಬಂದವರಂತೆ ನಿಂತಿದ್ದರು. ಚಿಕ್ಕಮ್ಮ, ಆ ಗದ್ದೆಯ ಒಡತಿ, ಪಂಪ್‌ಸೆಟ್ಟಿನ ಕೋಣೆಯ ಹಿಂದೆ ತಾನಾಗಿಯೇ ಹೋಗಿ ನಿಂತಿದ್ದಳು. ಹೋಗೆಂದು ಯಾರೂ ಹೇಳಬೇಕಾಗಿರಲಿಲ್ಲ. ಟಗರಿನ ಗೊರಸಿನ ಸಂದುಗಳಲ್ಲಿ ಕೆಸರು ಮತ್ತು ಹಿಕ್ಕೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ನಾನು ನೀರು ಹಾಕಿದೆ, ಅದು ಕರಗಿ ನನ್ನ ಪಾದದ ಮೇಲೆ ಹರಿಯಿತು. ಕುಂಕುಮ ಇಡಲು ಬಾಗಿದಾಗ ಟಗರು ಸೀನಿತು. ಅದರ ಸಿಂಬಳ ನನ್ನ ಮುಂಗೈಯಿಂದ ಮೊಣಕೈವರೆಗೆ ಎಳೆಯಾಗಿ ಅಂಟಿಕೊಂಡಿತು. ಯಾರೋ ಶುಭ ಎಂದರು. ಕರ್ಪೂರ ಹಚ್ಚಿ ಬೆಳಗಿದೆ. ಅಷ್ಟೂ ಹೊತ್ತು ನನ್ನ ಕಣ್ಣು ಪಂಪ್‌ಸೆಟ್ಟಿನ ಗೋಡೆಯ ಅಂಚಿನಲ್ಲಿ ಕಾಣುತ್ತಿದ್ದ ಬಿಳಿ ಸೆರಗಿನ ತುದಿಯ ಮೇಲಿತ್ತು. ಸಿಂಬಳ ನನಗೆ ಅಸಹ್ಯವಾಗಲಿಲ್ಲ. ಅಸಹ್ಯವಾದದ್ದು ಕರ್ಪೂರದ ವಾಸನೆ.

ಮಂದೆಯ ಹಿರಿಯ, ತಲೆಗೆ ಕೆಂಪು ರುಮಾಲು ಸುತ್ತಿದ ಎತ್ತರದ ಮನುಷ್ಯ, ಎಲ್ಲ ಮುಗಿಯುವವರೆಗೆ ಕೋಲಿಗೆ ಗದ್ದ ಊರಿ ಕಾಯುತ್ತಿದ್ದ. ನಿಮ್ಮ ಕಡೆಯೂ ಹೀಗೇ ಮಾಡುತ್ತೀರಾ ಎಂದು ನಾನು ಕೇಳಿದೆ. ಕೇಳಿಸಲೆಂದೇ ಗಟ್ಟಿಯಾಗಿ ಕೇಳಿದೆ.

“ಇಲ್ರಿ. ನಮ್ಮ ಕಡೆ ಇದೆಲ್ಲ ಇಲ್ಲ. ಇಲ್ಲಿಯವ್ರು ನಿಲ್ಲು ಅಂತಾರ, ನಿಲ್ತೀವಿ. ಹೋಗು ಅಂತಾರ, ಹೋಗ್ತೀವಿ,” ಎಂದು ಅವನು ಕುರಿಗಳನ್ನು ಒಳಕ್ಕೆ ಬಿಟ್ಟ.

ಗೌಡರಿಗೆ ಅದು ಕೇಳಿಸಿತು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ನಮ್ಮೂರ ಗಾಳಿ ಬ್ಯಾರೆ ಎಂದಷ್ಟೇ ಹೇಳಿ, ಚೆನ್ನಾಗಿ ಬೆಳಗಿದಿರಿ ಎಂದು ನನ್ನನ್ನು ಹೊಗಳಿ ಹೋದರು.

ಮಂದೆ ತಂಗಿತು. ಬೆಳಿಗ್ಗೆ ಗದ್ದೆಯ ತುಂಬ ಚಿಕ್ಕಮ್ಮನಿಗೆ ಬೇಕಾದದ್ದು ಬಿದ್ದಿತ್ತು. ನಾನು ಮೂಗು ಮುಚ್ಚಿಕೊಂಡು ಬದುವಿನ ಮೇಲೆ ನಿಂತೆ. ಅವಳು ಬರಿಗಾಲಿನಲ್ಲಿ ಒಳಗೆ ನಡೆದು, ಬಾಗಿ, ಅಲ್ಲಲ್ಲಿ ಗುಪ್ಪೆಯಾಗಿದ್ದುದನ್ನು ಕೈಯಿಂದ ಹರಡುತ್ತ ಹೋದಳು. ಇಷ್ಟಕ್ಕೇ ಎಲ್ಲ ಮುಗಿದಿದ್ದರೆ ನಾನು ಈ ಬರಹವನ್ನು ಬರೆಯುತ್ತಿರಲಿಲ್ಲ. ಕಹಿಯನ್ನು ನುಂಗಿ ಅವಳ ಭತ್ತಕ್ಕಾಗಿ ಸಂತೋಷಪಡುತ್ತಿದ್ದೆ.

ಆದರೆ ಅದೇ ದಿನ ಹೊತ್ತೇರುವ ಮೊದಲು ಊರ ಕೆಳಗಿನ ಓಣಿಯ ಒಬ್ಬ ಮುದುಕಿ ಬಾಗಿಲಿಗೆ ಬಂದಳು. ಸೆರಗಿನಲ್ಲಿ ಒಂದು ತೆಂಗಿನಕಾಯಿ ಕಟ್ಟಿಕೊಂಡಿದ್ದಳು. ಅವಳದೂ ತುಂಡು ಗದ್ದೆ ಇದೆಯಂತೆ. ಗಂಡ ಸತ್ತು ಬಹಳ ಕಾಲವಾಗಿದೆ, ಮಗನ ಹೆಂಡತಿ ಜಗಳವಾಡಿ ತವರಿಗೆ ಹೋಗಿದ್ದಾಳೆ. ಅವಳ ಗದ್ದೆಗೆ ಕುರಿ ಇಳಿಯದೆ ಹೋಗಿ ಎಷ್ಟು ವರ್ಷವಾಯಿತೆಂದು ಅವಳಿಗೇ ನೆನಪಿಲ್ಲ. ಗೌಡರನ್ನು ಕೇಳಿದ್ದಕ್ಕೆ, ಆ ಕಾಲೇಜು ಅಕ್ಕೋರು ಇದ್ದಾರಲ್ಲ, ಅವರನ್ನು ಕೇಳು, ಅವರು ಬೆಳಗಿದರೆ ನಮ್ಮದೇನೂ ಅಡ್ಡಿಯಿಲ್ಲ ಎಂದರಂತೆ.

“ಬರ್ತೀಯೇನವ್ವ?” ಎಂದಳು. “ನಿಂಗೆ ಪುಣ್ಯ ಬರ್ತತಿ.”

ನಾನು ಕಟ್ಟೆಯ ಮೇಲೆ ಆಡಿದ ಮಾತೆಲ್ಲವೂ ಏನಾಯಿತೆಂಬುದು ಆ ತೆಂಗಿನಕಾಯಿಯಲ್ಲಿ ನನಗೆ ಕಂಡಿತು. ನಿಯಮಕ್ಕೆ ನಾನು ತಂದ ತಿದ್ದುಪಡಿ ಇಷ್ಟೇ: ಮನೆಯಲ್ಲಿ ಮುತ್ತೈದೆ ಇಲ್ಲದಿದ್ದರೆ ಊರಿಗೆಲ್ಲ ಒಬ್ಬಳು ಮುತ್ತೈದೆ ದಾವಣಗೆರೆಯಿಂದ ಬರುತ್ತಾಳೆ. ಗಂಡ ಬದುಕಿದ್ದಾನೆಂಬ ಒಂದೇ ಅರ್ಹತೆಯ ಮೇಲೆ ಗದ್ದೆಯಿಂದ ಗದ್ದೆಗೆ ಹೋಗಿ ಟಗರಿನ ಹಣೆ ಮುಟ್ಟುವವಳು. ಅಂಗಡಿಯಲ್ಲಿ ಕುಳಿತು ಕೆಮ್ಮಿನ ಔಷಧಿ ಮಾರುತ್ತಿದ್ದ ನನ್ನ ಗಂಡನ ಆರೋಗ್ಯದ ಮೇಲೆ ತುಂಗಭದ್ರೆಯ ದಂಡೆಯ ಭತ್ತ ನಿಂತಿತ್ತು. ಮೈಯೆಲ್ಲ ತೊಳೆದುಕೊಳ್ಳಬೇಕೆನ್ನಿಸಿತು. ಇಲ್ಲವೆಂದರೆ ಮುದುಕಿಯ ಗದ್ದೆ ಬರಿದು. ಹೂಂ ಎಂದರೆ ಗೌಡರ ಮಾತು ಶಾಶ್ವತ. ಪ್ರತಿಪಕ್ಷದಲ್ಲಿ ಗೌಡರಿದ್ದರೆ ವಾದಿಸಬಹುದು. ತೆಂಗಿನಕಾಯಿ ಕಟ್ಟಿಕೊಂಡು ಬಂದ ಮುದುಕಿಯ ಎದುರು ಏನೆಂದು ವಾದಿಸಲಿ?

ಹೋದೆ. ಇನ್ನೊಂದು ಸಂಜೆ, ಇನ್ನೊಂದು ಬದು, ಅದೇ ಟಗರು. ಮುದುಕಿ ಮರೆಯಾಗಿ ನಿಲ್ಲಲು ಅಲ್ಲಿ ಪಂಪ್‌ಸೆಟ್ಟಿನ ಕೋಣೆ ಇರಲಿಲ್ಲ. ಹುಲ್ಲಿನ ಬಣವೆಯ ಹಿಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ಚಿಕ್ಕಮ್ಮ ನನ್ನ ಜೊತೆ ಬಂದಿದ್ದಳು. ಆ ಬಣವೆಯನ್ನೂ ಅದರ ಹಿಂದೆ ಕುಳಿತವಳನ್ನೂ ಅವಳು ಬಹಳ ಹೊತ್ತು ನೋಡಿದಳು. ಹಿಂದಿನ ಸಂಜೆ ತಾನು ಹೇಗೆ ಕಂಡಿರಬಹುದೆಂದು ಅವಳಿಗೆ ಆಗ ತಿಳಿದಿರಬೇಕು. ಮರುದಿನ ನನ್ನನ್ನು ಬಸ್ಸಿಗೆ ಬಿಡಲು ಹರಿಹರದವರೆಗೆ ಬಂದಳು. ಉಕ್ಕಡಗಾತ್ರಿಯ ಗುಡಿಗೆ ಹೋಗುವವರ ಗದ್ದಲದ ನಡುವೆ, ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ಹೇಳಿದಳು:

“ಇನ್ನ ಈ ಕೆಲಸಕ್ಕ ನೀ ಬರಬ್ಯಾಡ.”

ಹಾಗಾದರೆ ಮುಂದಿನ ವರ್ಷ ಗೊಬ್ಬರಕ್ಕೆ ಏನು ಮಾಡುತ್ತೀ ಎಂದು ಕೇಳುವಷ್ಟರಲ್ಲಿ ಬಸ್ಸು ಸರಿದಿತ್ತು.

ಉತ್ತರ ಸಿಕ್ಕಿದ್ದು ಬೇಸಿಗೆಯಲ್ಲಿ. ಹಳೆಯ ಸೀರೆಯೊಂದನ್ನು ತೆಗೆದುಕೊಂಡು ಬಾ ಎಂದು ಫೋನು ಮಾಡಿದಳು. ಹೋಗಿ ನೋಡಿದರೆ ಹಿತ್ತಿಲಿನಲ್ಲಿ ದೊಡ್ಡದೊಂದು ಗುಂಡಿ, ಅದರ ಪಕ್ಕದಲ್ಲಿ ಟ್ರ್ಯಾಕ್ಟರಿನಿಂದ ಸುರಿದ ಹಿಕ್ಕೆಯ ಗುಡ್ಡ. ಜಗಳೂರು ಸೀಮೆಯ ಅಣ್ಣನಿಗೆ ಹೇಳಿ ಅವನ ರೊಪ್ಪದಲ್ಲಿ ಗುಡಿಸಿದ್ದನ್ನೆಲ್ಲ ತರಿಸಿದ್ದಳು. ದಂಡೆಯ ಮನೆಗೆ ಸೊಸೆಯಾಗಿ ಬಂದ ದಿನದಿಂದ ಈ ಮನೆಯ ಮಣ್ಣಿಗೆ ಈ ಊರಿನ ಕ್ರಮವೇ ಸರಿ ಎಂದು ನಂಬಿದವಳು, ಗಂಡ ಬದುಕಿರುವವರೆಗೆ ತವರಿನ ಬೇಸಾಯದ ಮಾತೆತ್ತದವಳು. ಈಗ ಸೀರೆ ಎತ್ತಿ ಕಟ್ಟಿ ಗುಂಡಿಯಲ್ಲಿ ಇಳಿದಿದ್ದಳು. ಇದಕ್ಕೆ ಆರತಿ ಬೇಕಿರಲಿಲ್ಲ, ಗೌಡರ ಅಪ್ಪಣೆ ಬೇಕಿರಲಿಲ್ಲ, ಮರೆಯಾಗಿ ನಿಲ್ಲಲು ಗೋಡೆಯೂ ಬೇಕಿರಲಿಲ್ಲ. ಟಗರೇ ಬಾರದ ಮೇಲೆ ಬರಮಾಡಿಕೊಳ್ಳುವ ಪ್ರಶ್ನೆ ಎಲ್ಲಿಯದು? ಇಷ್ಟು ಸರಳವಾದ ಪ್ರತಿವಾದ ಕಟ್ಟೆಯ ಮೇಲೆ ನನಗೆ ಹೊಳೆದಿರಲಿಲ್ಲ.

ನಾನು ಇಳಿದೆ. ಪದರ ಹಾಕಬೇಕು, ನೀರು ಚಿಮುಕಿಸಬೇಕು, ತುಳಿಯಬೇಕು, ಮತ್ತೆ ಪದರ ಹಾಕಬೇಕು. ಒಣಗಿದ ಹಿಕ್ಕೆ ನಿರುಪದ್ರವಿ ಎಂದೆನಲ್ಲ. ನೀರು ಬಿದ್ದೊಡನೆ ಅದು ಜೀವ ತಳೆದು ಸೇಡು ತೀರಿಸಿಕೊಳ್ಳುತ್ತದೆ. ಬಿಸಿಲಿಗೆ ಎದ್ದ ಆವಿ ಕಣ್ಣಿಗೆ ಚುಚ್ಚಿತು. ಕಾಲ್ಬೆರಳುಗಳ ಸಂದಿನಲ್ಲಿ ಅದು ಬೆಚ್ಚಗೆ ಹಿಸುಕಿಕೊಂಡು ಮೇಲೆ ಬಂತು. ಬಾಯಿ ತೆರೆದರೆ ನಾಲಿಗೆಗೆ ರುಚಿ ತಾಗುತ್ತಿತ್ತು. ಹೀಗಾಗಿ ಜೀವಮಾನದಲ್ಲಿ ಮೊದಲ ಬಾರಿಗೆ ಇಡೀ ಮಧ್ಯಾಹ್ನ ನಾನು ಮಾತಾಡಲಿಲ್ಲ. ಚಿಕ್ಕಮ್ಮನಿಗೆ ಅದು ತಮಾಷೆಯಾಗಿ ಕಂಡಿತು. ನಿನ್ನ ಬಾಯಿ ಮುಚ್ಚಿಸಾಕ ಕುರಿನೇ ಬೇಕಾತು ನೋಡು ಎಂದಳು.

ಓಣಿಯಲ್ಲಿ ಹೋಗುತ್ತಿದ್ದ ಗೌಡರು ಟವೆಲನ್ನು ಮೂಗಿಗೆ ಹಿಡಿದು ಬೇಲಿಯ ಬಳಿ ನಿಂತರು. “ಏನ್ ತಂಗೆವ್ವ, ತವರಿಂದ ಏನು ತಂದಿ ಅಂದ್ರೆ ಇದಾ?”

“ಹೂಂರಿ ಗೌಡ್ರೆ. ಸೀರೆ ಕೊಡ್ತೀನಿ ಅಂದ ನಮ್ಮಣ್ಣ. ನಾ ಉಟ್ಕಂಡ್ರೆ ಯಾರು ನೋಡ್ಬೇಕು, ಗದ್ದಿಗೆ ಉಡಸ್ತೀನಿ ಅಂದೆ.”

ಸತ್ತ ಹಿಕ್ಕೆ, ಭತ್ತಕ್ಕೆ ಬಾರದು, ಉಚ್ಚೆ ಇಲ್ಲದ ಗೊಬ್ಬರ ಉಪ್ಪಿಲ್ಲದ ಸಾರು ಎಂದು ಅವರು ಗೊಣಗಿದರು. ಈ ಗಬ್ಬು ಊರಿಗೆ ಒಳ್ಳೆಯದಲ್ಲ ಎಂದೂ ಹೇಳಿದರು. ಚಿಕ್ಕಮ್ಮ ನೀರಿನ ಕೊಡವನ್ನು ಎತ್ತಿ ಗುಂಡಿಗೆ ಸುರಿದಳು. ನಾತ ಬೇಲಿಯ ಕಡೆಗೇ ಎದ್ದಿತು. ಅವರು ಸರಸರ ನಡೆದು ಹೋದರು. ಆ ಮುಖದ ಮೇಲೆ ನಾನು ಬಹಳ ದಿನದಿಂದ ನೋಡಬಯಸಿದ್ದ ಭಾವವೊಂದನ್ನು ಅಂದು ನೋಡಿದೆ: ಹೇಸಿಗೆ. ಅದುವರೆಗೆ ಹೇಸುವವಳು ನಾನೊಬ್ಬಳೇ ಆಗಿದ್ದೆ.

ಮಳೆಗಾಲದ ನಾಟಿಗೆ ಮೊದಲು ಮತ್ತೊಮ್ಮೆ ಹೋದಾಗ ಸಸಿಮಡಿ ಹಸಿರಾಗಿತ್ತು. ನಾಲೆಗೆ ನೀರು ಬಿಡುವ ದಿನ ಹತ್ತಿರವಾಗಿತ್ತು. ಗುಂಡಿಯ ಮೇಲಿನ ಮಣ್ಣು ಸರಿಸಿ ಚಿಕ್ಕಮ್ಮ ನನ್ನನ್ನು ಕರೆದಳು. “ಕೈ ಇಟ್ಟು ನೋಡು. ಇನ್ನೂ ಸುಡ್ತತೇನು?” ಕಾವು ಇಳಿಯದಿದ್ದರೆ ಅದನ್ನು ಗದ್ದೆಗೆ ಒಯ್ಯುವಂತಿಲ್ಲ. ನನಗೆ ಮನಸ್ಸಿರಲಿಲ್ಲ; ಆದರೂ ಮೊಣಕೈವರೆಗೆ ಕೈ ತೂರಿಸಿದೆ. ಟಗರಿನ ಸಿಂಬಳ ಹರಿದದ್ದೂ ಅದೇ ಕೈಯ ಮೇಲೆ. ಒಳಗೆ ತಂಪಾಗಿತ್ತು. ಹಿಕ್ಕೆ ಹಿಕ್ಕೆಯಾಗಿ ಉಳಿದಿರಲಿಲ್ಲ, ಕಾಫಿಪುಡಿಯಂತೆ ಉದುರುತ್ತಿತ್ತು. ನಾತ ಮಾತ್ರ ಪೂರ್ತಿ ಹೋಗಿರಲಿಲ್ಲ. ಆರಿದೆ ಎಂದೆ. ಅಂದೇ ಬುಟ್ಟಿ ಹೊತ್ತೆವು. ಕೆಳಗಿನ ಓಣಿಯ ಮುದುಕಿಯೂ ಬುಟ್ಟಿ ತಂದಿದ್ದಳು. ತನ್ನ ತುಂಡು ಗದ್ದೆಗಾಗುವಷ್ಟನ್ನು ಕೇಳಿ ಒಯ್ದಳು. ಅವಳ ಸೆರಗಿನಲ್ಲಿ ತೆಂಗಿನಕಾಯಿ ಇರಲಿಲ್ಲ.

ಭತ್ತ ಹೇಗೆ ಬಂತೆಂದು ಓದುಗರು ಕೇಳಬಹುದು. ಗೌಡರ ಗದ್ದೆಯಷ್ಟು ದಟ್ಟವಾಗಿ ಬರಲಿಲ್ಲ. ನನ್ನ ಪಕ್ಷಕ್ಕೆ ಅನುಕೂಲವಾಗಲೆಂದು ಸುಳ್ಳು ಬರೆಯಲಾರೆ. ಆದರೆ ಹಳದಿಯಾಗಲಿಲ್ಲ, ಗುತ್ತಿಗೆಗೆ ಬಿಡು ಎಂಬ ಮಾತನ್ನು ಯಾರೂ ಅವಳೆದುರು ಮತ್ತೆ ಎತ್ತಲಿಲ್ಲ. ಅಕ್ಕಿ ನಮ್ಮ ಮನೆಗೂ ಬಂತು. ಊರಿನಲ್ಲಿ ಆರತಿ ಈಗಲೂ ನಡೆಯುತ್ತದೆ. ಅದರ ವಿರುದ್ಧ ನಾನು ಈಗಲೂ ಮಾತಾಡುತ್ತೇನೆ, ಕಟ್ಟೆಯ ಮೇಲೂ ಕಾಲೇಜಿನಲ್ಲೂ. ಮಾತಿನ ಮೇಲಿನ ನಂಬಿಕೆಯನ್ನು ನಾನು ಬಿಟ್ಟಿಲ್ಲ.

ಬುಟ್ಟಿ ಹೊತ್ತ ಆ ದಿನ ಸಂಜೆ ಹರಿಹರದಲ್ಲಿ ದಾವಣಗೆರೆಯ ಬಸ್ಸು ಹತ್ತಿದೆ. ಎಷ್ಟು ತಿಕ್ಕಿ ತೊಳೆದರೂ ವಾಸನೆ ಉಗುರಿನ ಸಂದಿನಲ್ಲಿ, ಕೂದಲಿನಲ್ಲಿ ಉಳಿದಿತ್ತು. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಪಕ್ಕದಲ್ಲಿ ಕುಳಿತ ಹೆಂಗಸು ಒಮ್ಮೆ ನನ್ನತ್ತ ನೋಡಿದಳು, ಸೆರಗನ್ನು ಮೂಗಿಗೆ ಒತ್ತಿಕೊಂಡಳು, ಆಮೇಲೆ ಎದ್ದು ಹೋಗಿ ಹಿಂದೆ ಕಂಬಿ ಹಿಡಿದು ನಿಂತಳು. ಅವಳ ಮೇಲೆ ನನಗೆ ಬೇಸರವಾಗಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಕಿಟಕಿಯನ್ನು ಪೂರ್ತಿ ತೆರೆದು, ಖಾಲಿಯಾದ ಜಾಗದಲ್ಲಿ ಚಿಕ್ಕಮ್ಮ ಕಟ್ಟಿಕೊಟ್ಟ ಗಂಟನ್ನಿಟ್ಟು, ಮೂಗು ಮುಚ್ಚಿಕೊಳ್ಳದೆ ವಿನೋಬನಗರದವರೆಗೆ ಕುಳಿತು ಬಂದೆ.